250 ಮೆಗಾಹರ್ಟ್ಸ್ ಏರಿಸಲು ಹೊಸ ಕೂಲರ್ ಬೇಕೇ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಎಎಂಡಿ ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬಂದ ಸಣ್ಣ ಕೂಲರ್ ಇವೆ. ವಿಡಿಯೊ ಎನ್‌ಕೋಡ್ ಮಾಡುವಾಗ (ಬೇರೆ ರೂಪಕ್ಕೆ ಬದಲಿಸುವಾಗ) ಆರೂ ಕೋರ್‌ಗಳು, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳು, ಸುಮಾರು 3.95 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಆಗ ವೋಲ್ಟೇಜ್ 1.25, ಪ್ರೊಸೆಸರ್ ಎಳೆಯುವ ಒಟ್ಟು ವಿದ್ಯುತ್ 76 ವ್ಯಾಟ್, ತಾಪಮಾನ 82 ಡಿಗ್ರಿ ಸೆಲ್ಸಿಯಸ್. ಕೋಣೆಯಲ್ಲಿ 27 ಡಿಗ್ರಿ ಇರುತ್ತದೆ. ಎಲ್ಲ ಕೋರ್‌ಗಳನ್ನೂ 4.2 ಗಿಗಾಹರ್ಟ್ಸ್‌ಗೆ ಏರಿಸಿ ನೋಡಿದೆ. 1.325 ವೋಲ್ಟ್ ಕೊಟ್ಟ ಮೇಲಷ್ಟೇ ಕ್ರ್ಯಾಶ್ ಆಗದೆ ಓಡಿತು, ಆದರೆ ಮೂರೇ ನಿಮಿಷದಲ್ಲಿ 89 ಡಿಗ್ರಿ ಮುಟ್ಟಿದ್ದನ್ನು ಕಂಡು ನಿಲ್ಲಿಸಿಬಿಟ್ಟೆ. ತಯಾರಕರು ಇಟ್ಟ ವೇಗಕ್ಕಿಂತ ಮೇಲೇರಿಸುವ ಇಷ್ಟು ಸಣ್ಣ ಓವರ್‌ಕ್ಲಾಕ್‌ಗೂ ಕೂಲರ್ ಬದಲಿಸಬೇಕೇ? ದ್ರವ ಹರಿಸಿ ತಣಿಸುವ ಲಿಕ್ವಿಡ್ ಕೂಲರ್ ಇಲ್ಲದೆ ಆಗುವುದೇ ಇಲ್ಲ ಎಂದು ಹೇಳುವವರೂ ಇದ್ದಾರೆ.

ಉತ್ತರ: 4.2 ಗಿಗಾಹರ್ಟ್ಸ್‌ನಲ್ಲೇ ಓಡಿಸಬೇಕೆಂದಿದ್ದರೆ ಕೂಲರ್ ಬದಲಿಸಬೇಕು, 4.1ಕ್ಕೆ ನಿಲ್ಲಿಸುವುದಾದರೆ ಬದಲಿಸಬೇಕಾಗಿಲ್ಲ. ಲಿಕ್ವಿಡ್ ಕೂಲರ್ ಎರಡಕ್ಕೂ ಬೇಡ. ಕೇವಲ 100 ಮೆಗಾಹರ್ಟ್ಸ್ ಅಂತರಕ್ಕೆ ಉತ್ತರವೇ ತಿರುಗಿಬೀಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ನೀವು ಕಳಿಸಿರುವ ಅಂಕಿಗಳಲ್ಲೇ ಅದರ ಕಾರಣವಿದೆ. ಹೆಚ್ಚಿನವರು ಎಷ್ಟು ಗಿಗಾಹರ್ಟ್ಸ್‌ಗೆ ಏರಿಸಿದೆ ಎಂಬುದನ್ನಷ್ಟೇ ಬರೆದು ಕಳಿಸುತ್ತಾರೆ. ನೀವು ವೋಲ್ಟೇಜ್, ವ್ಯಾಟ್ ಮತ್ತು ಕೋಣೆಯ ತಾಪಮಾನವನ್ನೂ ಬರೆದಿರುವುದರಿಂದ ಊಹೆಗೆ ಕೈಹಾಕದೆ ಲೆಕ್ಕ ಹಾಕಿಯೇ ಹೇಳಲು ಸಾಧ್ಯವಾಗಿದೆ.

ಪ್ರೊಸೆಸರ್ ಬಿಸಿಯಾಗುವ ಬಗೆಯನ್ನು ಮೊದಲು ನೋಡೋಣ. ಅದರೊಳಗಿನ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗುವ ಪ್ರತಿ ಸಲವೂ ಒಂದು ಅತಿ ಸಣ್ಣ ವಿದ್ಯುದಾವೇಶ ತುಂಬಿಕೊಂಡು ಖಾಲಿಯಾಗುತ್ತದೆ, ಮತ್ತು ಹಾಗೆ ತುಂಬಿ ಖಾಲಿಯಾಗುವ ಶಕ್ತಿಯೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಒಂದು ಸಲಕ್ಕೆ ತಗಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಗಡಿಯಾರದ ವೇಗ, ಅಂದರೆ ಗಿಗಾಹರ್ಟ್ಸ್, ನಿರ್ಧರಿಸುತ್ತದೆ. ಆದ್ದರಿಂದ ವೇಗವನ್ನಷ್ಟೇ ಶೇ. 6ರಷ್ಟು ಏರಿಸಿದರೆ ಶಾಖವೂ ಸುಮಾರು ಶೇ. 6ರಷ್ಟೇ ಏರುತ್ತದೆ, ವೋಲ್ಟೇಜನ್ನು ಶೇ. 6ರಷ್ಟು ಏರಿಸಿದರೆ ಶಾಖ ಶೇ. 12ಕ್ಕೂ ಮಿಕ್ಕಿ ಏರುತ್ತದೆ; ಎರಡನ್ನೂ ಒಟ್ಟಿಗೆ ಏರಿಸಿದರೆ ಒಂದರ ಮೇಲೊಂದು ಗುಣಾಕಾರವಾಗಿ ಕೂರುತ್ತದೆ. ಇದಲ್ಲದೆ ಟ್ರಾನ್ಸಿಸ್ಟರ್ ಆಫ್ ಆಗಿರುವಾಗಲೂ ಒಂದಿಷ್ಟು ವಿದ್ಯುತ್ ಸೋರುತ್ತಲೇ ಇರುತ್ತದೆ. ಈ ಸೋರಿಕೆ ವೋಲ್ಟೇಜ್ ಏರಿದಂತೆಯೂ ತಾಪಮಾನ ಏರಿದಂತೆಯೂ ಹೆಚ್ಚಾಗುವುದರಿಂದ, ಬಿಸಿಯಾದ ಚಿಪ್ ತಾನು ಬಿಸಿಯಾಗಿರುವ ಕಾರಣಕ್ಕೇ ಇನ್ನಷ್ಟು ವಿದ್ಯುತ್ ಎಳೆಯುತ್ತದೆ.

ಇದನ್ನು ನಿಮ್ಮ ಅಂಕಿಗಳಿಗೆ ಹಾಕಿ ನೋಡಿ. 3.95ರಿಂದ 4.2ಕ್ಕೆ ಹೋಗುವುದೆಂದರೆ ವೇಗದಲ್ಲಿ ಶೇ. 6.3ರ ಏರಿಕೆ. 1.25ರಿಂದ 1.325ಕ್ಕೆ ಹೋಗುವುದೆಂದರೆ ವೋಲ್ಟೇಜಿನಲ್ಲಿ ಶೇ. 6ರ ಏರಿಕೆ, ಅದರ ವರ್ಗ ತೆಗೆದುಕೊಂಡರೆ ಶೇ. 12.4. ಎರಡನ್ನೂ ಗುಣಿಸಿದಾಗ ಒಟ್ಟು ಏರಿಕೆ ಶೇ. 19ಕ್ಕಿಂತ ತುಸು ಹೆಚ್ಚು, ಅಂದರೆ 76 ವ್ಯಾಟ್ ಇದ್ದದ್ದು ಸುಮಾರು 91 ವ್ಯಾಟ್ ಆಗುತ್ತದೆ. ಕೆಲಸದಲ್ಲಿ ಸಿಕ್ಕ ಲಾಭ ಶೇ. 6, ಅದಕ್ಕೆ ತೆತ್ತ ಶಾಖ ಶೇ. 19. ಇದೇ ಪ್ರೊಸೆಸರನ್ನು ವೋಲ್ಟೇಜ್ ಮುಟ್ಟದೆ 1.25ರಲ್ಲೇ ಇಟ್ಟು 4.1ಕ್ಕೆ ಏರಿಸಿದ್ದರೆ ಶೇ. 3.8ರ ಲಾಭಕ್ಕೆ ಶೇ. 3.8ರಷ್ಟೇ ಹೆಚ್ಚು ಶಾಖ ಬರುತ್ತಿತ್ತು, ಅಂದರೆ 79 ವ್ಯಾಟ್. ನಿಮ್ಮ ಚಿಪ್ 1.25ರಲ್ಲಿ 4.1ಕ್ಕೆ ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು, ಏಕೆಂದರೆ ಒಂದೇ ಹೆಸರಿನ ಎರಡು ಚಿಪ್‌ಗಳು ಒಂದೇ ವೋಲ್ಟೇಜಿಗೆ ಒಂದೇ ವೇಗ ಕೊಡುವುದಿಲ್ಲ. ಆದರೆ ಹೆಚ್ಚಿನ ಚಿಪ್‌ಗಳಲ್ಲಿ ಒಂದು ಹಂತದವರೆಗೆ ವೇಗ ಬಿಟ್ಟಿಯಾಗಿ ಸಿಕ್ಕಿ, ಆಮೇಲೆ ಪ್ರತಿ 25 ಮೆಗಾಹರ್ಟ್ಸ್‌ಗೂ ವೋಲ್ಟೇಜ್ ಕೇಳುವ ಕಡಿದಾದ ಏರು ಶುರುವಾಗುತ್ತದೆ. ಕೂಲರ್ ಬೇಕೋ ಬೇಡವೋ ಎಂಬ ಪ್ರಶ್ನೆ ಹುಟ್ಟುವುದು ಆ ಏರಿನ ಬುಡದಲ್ಲಿ.

ಈಗ ನಿಮ್ಮ ಕೂಲರಿನ ಸಾಮರ್ಥ್ಯವನ್ನು ಅಳೆಯೋಣ. ಇದಕ್ಕೆ ಯಾವ ಉಪಕರಣವೂ ಬೇಡ. ಪೂರ್ತಿ ಲೋಡ್‌ನಲ್ಲಿ ಪ್ರೊಸೆಸರ್ ಕೋಣೆಗಿಂತ ಎಷ್ಟು ಡಿಗ್ರಿ ಮೇಲಿದೆಯೋ ಅದನ್ನು ವ್ಯಾಟ್‌ನಿಂದ ಭಾಗಿಸಿ. 82ರಲ್ಲಿ 27 ಕಳೆದರೆ 55. ಅದನ್ನು 76ರಿಂದ ಭಾಗಿಸಿದರೆ 0.72. ಒಂದು ವ್ಯಾಟ್ ಶಾಖಕ್ಕೆ ನಿಮ್ಮ ಪ್ರೊಸೆಸರ್ ಕೋಣೆಗಿಂತ 0.72 ಡಿಗ್ರಿ ಮೇಲೇರುತ್ತದೆ ಎಂದು ಇದರ ಅರ್ಥ. ಇದನ್ನು ಉಷ್ಣರೋಧ ಎನ್ನುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಫ್ಯಾನಿನ ವೇಗ ಬದಲಾಗದಿದ್ದರೆ ಈ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಮುಂದೆ ಏನಾದೀತೆಂಬುದನ್ನು ಇದೇ ಹೇಳಿಬಿಡುತ್ತದೆ. 79 ವ್ಯಾಟ್‌ಗೆ ಕೋಣೆಗಿಂತ 57 ಡಿಗ್ರಿ ಮೇಲೆ, ಅಂದರೆ 84. 91 ವ್ಯಾಟ್‌ಗೆ ಸುಮಾರು 66 ಡಿಗ್ರಿ ಮೇಲೆ, ಅಂದರೆ 93. ಈ ಪ್ರೊಸೆಸರಿಗೆ ತಯಾರಕರು ಹಾಕಿರುವ ಗರಿಷ್ಠ ತಾಪಮಾನ 95.

ನೀವು 89 ಡಿಗ್ರಿಯಲ್ಲಿ ನಿಲ್ಲಿಸಿದಾಗ ತಾಪಮಾನ ಇನ್ನೂ ಏರುತ್ತಲೇ ಇದ್ದಿರಬೇಕು. ಚಿಪ್ಪಿನ ಸಿಲಿಕಾನ್ ಅತಿ ತೆಳು. ಲೋಡ್ ಬಿದ್ದ ಕ್ಷಣದಲ್ಲೇ ಅದರ ತಾಪಮಾನ ಹತ್ತಿಪ್ಪತ್ತು ಡಿಗ್ರಿ ಜಿಗಿದುಬಿಡುತ್ತದೆ. ಅದರ ಮೇಲೆ ಕೂತು ಶಾಖ ಹೀರಿ ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮಾತ್ರ ನಿಧಾನವಾಗಿ ಕಾಯುತ್ತದೆ, ಮತ್ತು ಕ್ಯಾಬಿನೆಟ್ಟಿನೊಳಗಿನ ಗಾಳಿ ಅದಕ್ಕಿಂತಲೂ ನಿಧಾನ. ಮೂರು ನಿಮಿಷದ ಅಂಕಿಯನ್ನು ಕೊನೆಯ ಅಂಕಿಯೆಂದು ನಂಬುವಂತಿಲ್ಲ. ಇಪ್ಪತ್ತು ನಿಮಿಷವಾದರೂ ಬಿಟ್ಟು, ಐದು ನಿಮಿಷಗಳ ಕಾಲ ಸಂಖ್ಯೆ ಏರದೆ ನಿಂತ ಮೇಲೆ ಬರೆದುಕೊಳ್ಳಬೇಕು. 82 ಡಿಗ್ರಿ ಎಂಬ ನಿಮ್ಮ ಮೊದಲ ಅಂಕಿಯೂ ಹೀಗೆ ನಿಂತ ಮೇಲೆ ಓದಿದ್ದೇ ಎಂದು ನಾನು ಭಾವಿಸಿದ್ದೇನೆ. ಅಲ್ಲವಾದರೆ ಇನ್ನೊಮ್ಮೆ ಅಳೆದು ಮೇಲಿನ ಲೆಕ್ಕಕ್ಕೆ ಹೊಸ ಸಂಖ್ಯೆ ಹಾಕಿ.

ಈ ಲೆಕ್ಕದಲ್ಲಿ ಎರಡು ಒರಟುತನಗಳಿವೆ. ರೈಜೆನ್ 3600ರ ಮುಚ್ಚಳದಡಿಯಲ್ಲಿ ಕೋರ್‌ಗಳ ಚಿಪ್ ಬೇರೆ, ಮೆಮೊರಿ ಮತ್ತಿತರ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್ ಬೇರೆ; ಒಟ್ಟು ವ್ಯಾಟ್‌ನಲ್ಲಿ ಎರಡನೆಯದರ ಪಾಲೂ ಸೇರಿದೆ, ಮತ್ತು ಕೋರ್‌ಗಳನ್ನು ಓವರ್‌ಕ್ಲಾಕ್ ಮಾಡಿದರೆ ಆ ಪಾಲು ಏರುವುದಿಲ್ಲ. ಆದ್ದರಿಂದ 91 ಎಂಬುದು ಕೊಂಚ ಹೆಚ್ಚಾಯಿತು. ಇನ್ನೊಂದು ಕಡೆ, ಸೋರಿಕೆಯನ್ನು ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ ಕೊಂಚ ಕಡಿಮೆಯೂ ಆಯಿತು. ಈ ಎರಡು ತಪ್ಪುಗಳು ಎದುರುಬದುರು ಎಳೆಯುತ್ತವೆ. ಒಂದು ತೀರ್ಮಾನಕ್ಕೆ ಬರಲು ಇಷ್ಟು ನಿಖರತೆ ಸಾಕು.

93 ಎಂಬುದು 95ರ ಒಳಗೇ ಇದೆಯಲ್ಲ ಎಂದು ನೀವು ಕೇಳಬಹುದು. ಕೋಣೆ ಸದಾ 27 ಡಿಗ್ರಿಯಲ್ಲಿರುವುದಾದರೆ ಆ ವಾದಕ್ಕೆ ಅರ್ಥವಿತ್ತು. ಹೀಟ್‌ಸಿಂಕ್ ಏನೇ ಮಾಡಿದರೂ ತನ್ನ ಮೇಲೆ ಹಾಯುವ ಗಾಳಿಗಿಂತ ತಣ್ಣಗಾಗಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಒಂದು ಡಿಗ್ರಿ ಏರುತ್ತದೆ. ಬೇಸಿಗೆಯಲ್ಲಿ ಕೋಣೆ 34 ಡಿಗ್ರಿಯಾದರೆ 4.1ರ ಲೆಕ್ಕ 91ಕ್ಕೂ, 4.2ರ ಲೆಕ್ಕ 100ಕ್ಕೂ ಹೋಗುತ್ತದೆ. ಓವರ್‌ಕ್ಲಾಕ್ ಮಾಡದಿದ್ದಾಗಲೇ ಅದು 89 ಮುಟ್ಟುತ್ತದೆ ಎಂಬುದನ್ನೂ ಗಮನಿಸಿ. ತಯಾರಕರ ಸ್ಥಿತಿಯಲ್ಲಿದ್ದರೆ ಬಿಸಿ ಏರಿದಂತೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಒಟ್ಟು ವಿದ್ಯುತ್ತಿಗೂ 88 ವ್ಯಾಟ್ ಎಂಬ ಮೇಲ್ಮಿತಿ ಇದೆ. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಹೊಂದಿಕೆಗಳ ತಂತ್ರಾಂಶದಲ್ಲಿ, ಸ್ಥಿರವಾದ ವೇಗವನ್ನೂ ವೋಲ್ಟೇಜನ್ನೂ ಕೈಯಾರೆ ಕೊಟ್ಟಾಗ ಆ ವ್ಯಾಟ್ ಮಿತಿಯ ಕಾವಲು ತಪ್ಪುತ್ತದೆ. ಇನ್ನು ಮುಂದೆ ಹಿಡಿತ ನಿಮ್ಮದೇ ಆಗಿರಬೇಕು. ನನ್ನ ಮಟ್ಟಿಗೆ, ವರ್ಷದ ಅತಿ ಬಿಸಿ ದಿನದಲ್ಲಿ, ನಿಮ್ಮ ಅತಿ ಭಾರದ ಕೆಲಸದಲ್ಲಿ 85 ಡಿಗ್ರಿ ದಾಟದಿರುವುದು ನೆಮ್ಮದಿಯ ಗೆರೆ; 90ರವರೆಗೆ ಸಹಿಸಬಹುದು.

ಆ ಗೆರೆಯಲ್ಲಿ ಅಳೆದರೆ 4.1ಕ್ಕೆ ಕೂಡ ಬೇಸಿಗೆಯಲ್ಲಿ ಅಂಚಿನ ಸ್ಥಿತಿಯೇ. ಹಾಗಿದ್ದೂ ಕೂಲರ್ ಬೇಡ ಎಂದು ನಾನು ಹೇಳಲು ಕಾರಣ, 0.72 ಎಂಬ ಸಂಖ್ಯೆಯಲ್ಲಿ ಕೂಲರಿನದಲ್ಲದ ತಪ್ಪುಗಳೂ ಸೇರಿರಬಹುದು ಎಂಬ ಗುಮಾನಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಎನ್‌ಕೋಡಿಂಗನ್ನು ಇಪ್ಪತ್ತು ನಿಮಿಷ ಓಡಿಸಿ ನೋಡಿ. ತಾಪಮಾನ ಐದಾರು ಡಿಗ್ರಿ ಇಳಿದರೆ ದೋಷ ಕೂಲರಿನದಲ್ಲ, ಕ್ಯಾಬಿನೆಟ್ಟಿನ ಗಾಳಿಯದು. ಗ್ರಾಫಿಕ್ಸ್ ಕಾರ್ಡ್ ಉಗುಳಿದ ಬಿಸಿ ಗಾಳಿಯನ್ನೇ ನಿಮ್ಮ ಕೂಲರ್ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದೆ. ಮುಂದೆ ಒಂದು, ಹಿಂದೆ ಒಂದು ಫ್ಯಾನ್ ಹಾಕಿದರೆ ಆ ಐದಾರು ಡಿಗ್ರಿ ಶಾಶ್ವತವಾಗಿ ಸಿಗುತ್ತದೆ. ಬಾಗಿಲು ತೆಗೆದರೂ ಒಂದೆರಡು ಡಿಗ್ರಿಯಷ್ಟೇ ಇಳಿದರೆ ಕ್ಯಾಬಿನೆಟ್ ಸರಿಯಾಗಿದೆ ಎಂದು ತಿಳಿಯಿರಿ. ಅನಂತರ ಬಯೋಸ್‌ನಲ್ಲಿ ಫ್ಯಾನಿನ ವೇಗದ ಹೊಂದಿಕೆ ನೋಡಿ. ಸದ್ದು ಕಡಿಮೆಯಿರಲೆಂದು 75 ಡಿಗ್ರಿಯಲ್ಲೂ ಫ್ಯಾನನ್ನು ಅರ್ಧ ವೇಗದಲ್ಲೇ ಇಟ್ಟಿರುವ ಮದರ್‌ಬೋರ್ಡುಗಳಿವೆ. ಫ್ಯಾನಿನ ಕೆಳಗೆ, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಬೂದು ಬಣ್ಣದ ಕಂಬಳಿಯಂತೆ ಹಾಸಿಕೊಂಡಿರುವುದು ಮೇಲಿಂದ ನೋಡಿದರೆ ಕಾಣುವುದಿಲ್ಲ. ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದು ಗಾಳಿ ಊದಿ ತೆಗೆಯಿರಿ.

ಇಷ್ಟಾದ ಮೇಲೂ 4.2 ಬೇಕೆಂದರೆ ಹೊಸ ಕೂಲರ್ ಬೇಕು. ಯಾವುದು ಎಂಬುದಕ್ಕೆ ಮುನ್ನ ಒಂದು ಸಂಗತಿ. ಉಷ್ಣರೋಧ ಎಂಬುದು ಒಂದೇ ತಡೆಯಲ್ಲ, ಸಾಲಾಗಿ ನಿಂತ ಹಲವು ತಡೆಗಳ ಮೊತ್ತ: ಸಿಲಿಕಾನಿನಿಂದ ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ, ಮುಚ್ಚಳದಿಂದ, ನಡುವಣ ಸಂದು ತುಂಬಲು ಹಚ್ಚುವ ಥರ್ಮಲ್ ಪೇಸ್ಟ್ ದಾಟಿ ಕೂಲರಿನ ತಳಕ್ಕೆ, ತಳದಿಂದ ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ. ದೊಡ್ಡ ಕೂಲರ್ ತಗ್ಗಿಸುವುದು ಕೊನೆಯ ಎರಡನ್ನು ಮಾತ್ರ. ನಿಮ್ಮ ಪ್ರೊಸೆಸರಿನಲ್ಲಿ ಆರು ಕೋರ್‌ಗಳಿರುವ 7 ನ್ಯಾನೊಮೀಟರ್ ಚಿಪ್ಪಿನ ವಿಸ್ತೀರ್ಣ ಸುಮಾರು 74 ಚದರ ಮಿಲಿಮೀಟರ್, ಹೆಚ್ಚೆಂದರೆ ಕಿರುಬೆರಳಿನ ಉಗುರಿನಷ್ಟು. ಅದೂ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಮಗ್ಗುಲಿಗಿದೆ. 2011ರ ಇಂಟೆಲ್ ಕೋರ್ ಐ5 2500ಕೆ ಪ್ರೊಸೆಸರಿನ ಚಿಪ್ 216 ಚದರ ಮಿಲಿಮೀಟರ್ ಇತ್ತು. ಅಷ್ಟೇ ಶಾಖ ಮೂರನೆಯ ಒಂದು ಭಾಗದಷ್ಟು ಜಾಗದಿಂದ ಹೊರಬರಬೇಕಾದಾಗ ಮೊದಲ ತಡೆಯೇ ದೊಡ್ಡದಾಗುತ್ತದೆ, ಮತ್ತು ಅದನ್ನು ಯಾವ ಕೂಲರೂ ಮುಟ್ಟಲಾರದು. ಕೂಲರಿನ ರೆಕ್ಕೆಗಳು ಕೈಗೆ ಉಗುರುಬೆಚ್ಚಗೆ ತಾಗುತ್ತಿದ್ದರೂ ತೆರೆಯ ಮೇಲೆ 80 ಡಿಗ್ರಿ ಕಾಣುವುದು ಇದರಿಂದಲೇ.

ಲಿಕ್ವಿಡ್ ಕೂಲರಿನ ವಾದ ಸಡಿಲಗೊಳ್ಳುವುದೂ ಇಲ್ಲೇ. ನಾಲ್ಕು ಶಾಖನಳಿಕೆಗಳೂ 120 ಮಿಲಿಮೀಟರ್ ಫ್ಯಾನೂ ಇರುವ ಒಂದು ಸಾಧಾರಣ ಟವರ್ ಕೂಲರ್ ನಿಮ್ಮ 0.72ನ್ನು 0.52ಕ್ಕೆ ಇಳಿಸಿತು ಎಂದಿಟ್ಟುಕೊಳ್ಳಿ. ಆಗ 91 ವ್ಯಾಟ್‌ಗೆ 27 ಡಿಗ್ರಿಯ ಕೋಣೆಯಲ್ಲಿ 74, ಬೇಸಿಗೆಯ 34 ಡಿಗ್ರಿಯಲ್ಲಿ 81. ದೊಡ್ಡ ರೇಡಿಯೇಟರಿನ ಲಿಕ್ವಿಡ್ ಕೂಲರ್ ಅದನ್ನು 0.45ಕ್ಕೆ ಇಳಿಸಿತು ಎಂದುಕೊಂಡರೂ 74ರ ಬದಲು 68 ಆಗುತ್ತದೆ, ಅಷ್ಟೇ. ಮೊದಲ ಬದಲಾವಣೆ 19 ಡಿಗ್ರಿ ಕೊಟ್ಟಿತು, ಎರಡನೆಯದು 6. ಆ ಆರು ಡಿಗ್ರಿಯಿಂದ ನಿಮ್ಮ ಪ್ರೊಸೆಸರ್ 4.3 ಕೊಡುವುದಿಲ್ಲ, ಅಲ್ಲಿ ತಡೆಯುವುದು ವೋಲ್ಟೇಜ್. ಪಂಪ್ ಎಂಬ ಇನ್ನೊಂದು ಕೆಡಬಹುದಾದ ಭಾಗ ಮಾತ್ರ ಹೆಚ್ಚುವರಿಯಾಗಿ ಸಿಗುತ್ತದೆ. ಹನ್ನೆರಡು, ಹದಿನಾರು ಕೋರ್‌ಗಳು 200 ವ್ಯಾಟ್ ಎಳೆಯುವ ಪ್ರೊಸೆಸರುಗಳ ಮಾತು ಬೇರೆ. ಅಲ್ಲಿ ಪ್ರತಿ 0.1ಕ್ಕೂ 20 ಡಿಗ್ರಿ ಬೆಲೆಯಿದೆ.

ಟವರ್ ಕೂಲರಿಗೆ ಬದಲಾಯಿಸುವಾಗ ಹೆಚ್ಚಿನವರು ಮರೆಯುವ ಒಂದು ವಿಷಯವಿದೆ. ಈಗಿರುವ ಸಣ್ಣ ಕೂಲರ್ ಗಾಳಿಯನ್ನು ಮೇಲಿಂದ ಕೆಳಕ್ಕೆ ಊದುತ್ತದೆ. ಆ ಗಾಳಿ ಮದರ್‌ಬೋರ್ಡಿಗೆ ಬಡಿದು ಸುತ್ತಲೂ ಹರಡುವಾಗ, ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗಗಳನ್ನೂ ತಣಿಸುತ್ತದೆ. ಟವರ್ ಕೂಲರಿನ ಗಾಳಿ ಮದರ್‌ಬೋರ್ಡಿಗೆ ಸಮಾನಾಂತರವಾಗಿ ಮೇಲಿನಿಂದಲೇ ಹಾಯ್ದುಹೋಗುತ್ತದೆ, ಲಿಕ್ವಿಡ್ ಕೂಲರಿನಲ್ಲಂತೂ ಅಲ್ಲಿ ಗಾಳಿಯೇ ಇರುವುದಿಲ್ಲ. ಬಿ450 ವರ್ಗದ ಅಗ್ಗದ ಬೋರ್ಡುಗಳಲ್ಲಿ ವಿಆರ್‌ಎಂ ಮೇಲೆ ಸಣ್ಣದೊಂದು ಹೀಟ್‌ಸಿಂಕ್ ಇದ್ದರೆ ಇದ್ದೀತು, ಇಲ್ಲದೆಯೂ ಇದ್ದೀತು. ಪ್ರೊಸೆಸರ್ 74 ಡಿಗ್ರಿಯಲ್ಲಿ ಸುಖವಾಗಿರುವಾಗ ಪಕ್ಕದ ವಿಆರ್‌ಎಂ ನೂರು ದಾಟಿ ಅದರಿಂದಲೇ ವೇಗ ಬೀಳುವುದುಂಟು, ಮತ್ತು ಪ್ರೊಸೆಸರಿನ ತಾಪಮಾನವನ್ನಷ್ಟೇ ನೋಡುವವರಿಗೆ ಇದು ಬಿಡಿಸಲಾಗದ ಒಗಟಾಗಿಬಿಡುತ್ತದೆ. 91 ವ್ಯಾಟ್‌ಗೆ ಗಾಬರಿಪಡಬೇಕಾಗಿಲ್ಲವಾದರೂ, ಹಿಂಬದಿಯ ಫ್ಯಾನ್ ಅದರ ಹತ್ತಿರದಿಂದಲೇ ಗಾಳಿ ಎಳೆಯುವಂತೆ ನೋಡಿಕೊಳ್ಳಿ.

ವೋಲ್ಟೇಜಿನ ಬಗ್ಗೆ ಇನ್ನೂ ಒಂದು ಎಚ್ಚರಿಕೆ ಕೊಡಬೇಕಾಗಿದೆ. ಹಗುರವಾದ ಕೆಲಸದಲ್ಲಿ ನಿಮ್ಮ ಪ್ರೊಸೆಸರ್ ತಾನಾಗಿಯೇ 1.4 ವೋಲ್ಟ್ ದಾಟುವುದನ್ನು ನೀವು ಕಂಡಿರಬಹುದು. ಅದು ದೋಷವಲ್ಲ, ಒಂದೆರಡು ಕೋರ್‌ಗಳು ಕ್ಷಣಕಾಲ 4.2 ಮುಟ್ಟುವಾಗ ಹರಿಯುವ ಒಟ್ಟು ಕರೆಂಟ್ ಕಡಿಮೆಯಿರುತ್ತದೆ. ಆದರೆ ತಾನಾಗಿ 1.4 ತೆಗೆದುಕೊಳ್ಳುತ್ತದೆಂದ ಮೇಲೆ ನಾನೂ ಕೊಡಬಹುದು ಎಂದು ಆರೂ ಕೋರ್‌ಗಳಿಗೆ ಅದನ್ನೇ ಸ್ಥಿರಗೊಳಿಸುವುದು ದೊಡ್ಡ ತಪ್ಪು. ಹೆಚ್ಚು ಕರೆಂಟ್ ಮತ್ತು ಹೆಚ್ಚು ತಾಪಮಾನ ಜೊತೆಗೂಡಿದಾಗ ಚಿಪ್ಪಿನೊಳಗಿನ ಅತಿ ತೆಳುವಾದ ಲೋಹದ ತಂತಿಗಳ ಪರಮಾಣುಗಳು ಮೆಲ್ಲಮೆಲ್ಲನೆ ಜಾಗ ಬಿಟ್ಟು ಸರಿಯುತ್ತವೆ. ತಿಂಗಳುಗಟ್ಟಲೆ ಸುಮ್ಮನಿದ್ದ ಓವರ್‌ಕ್ಲಾಕ್ ಒಂದು ದಿನ ಅದೇ ವೋಲ್ಟೇಜಿನಲ್ಲಿ ನಿಲ್ಲದಾಗುವುದಕ್ಕೆ ಈ ಬಗೆಯ ಸವೆತವೂ ಒಂದು ಕಾರಣ. ಓವರ್‌ಕ್ಲಾಕ್ ಮಾಡದವರಿಗೂ ವೋಲ್ಟೇಜ್ ಪೆಟ್ಟು ಕೊಡಬಲ್ಲದು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರಗೊಂಡಾಗ, ಹೆಚ್ಚಿನ ವೋಲ್ಟೇಜ್ ಅದರ ಮೂಲವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಮೂಲ ಸೂಚನೆಗಳು) ತಿದ್ದಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಕೂಲರ್ ಎಷ್ಟೇ ದೊಡ್ಡದಿದ್ದರೂ ವೋಲ್ಟೇಜಿನ ಸವೆತವನ್ನು ಪೂರ್ತಿ ತಡೆಯಲಾರದು. ನಿಮ್ಮ 1.325ಕ್ಕಿಂತ ಮೇಲೆ ಹೋಗಬೇಡಿ. ಬಯೋಸ್‌ನಲ್ಲಿ ವೋಲ್ಟೇಜನ್ನು ಆಟೋಗೆ ಬಿಟ್ಟು ವೇಗವನ್ನು ಮಾತ್ರ ಏರಿಸಲೂ ಬೇಡಿ, ಏಕೆಂದರೆ ಯಂತ್ರ ನಿಂತುಬಿಡಬಾರದೆಂದು ಮದರ್‌ಬೋರ್ಡ್ ಅಗತ್ಯಕ್ಕಿಂತ ಧಾರಾಳವಾಗಿ ಕೊಟ್ಟುಬಿಡುತ್ತದೆ. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ತಿಳಿದಿರಲಿ.

ಇಷ್ಟೆಲ್ಲ ಮಾಡಿ ಸಿಗುವುದೇನು? ಒಂದು ಗಂಟೆ ಹಿಡಿಯುವ ಎನ್‌ಕೋಡಿಂಗ್ 4.1ರಲ್ಲಿ ಸುಮಾರು 57 ನಿಮಿಷ 50 ಸೆಕೆಂಡಿಗೆ, 4.2ರಲ್ಲಿ 56 ನಿಮಿಷ 25 ಸೆಕೆಂಡಿಗೆ ಮುಗಿಯುತ್ತದೆ. ಎರಡರ ನಡುವಣ ವ್ಯತ್ಯಾಸ ಒಂದೂವರೆ ನಿಮಿಷಕ್ಕೂ ಕಡಿಮೆ. ಹೊಸ ಕೂಲರಿನ ಹಣ ಹೋಗುವುದು ಆ ಒಂದೂವರೆ ನಿಮಿಷಕ್ಕೆ. 4.1ಕ್ಕೆ ಸ್ಥಿರಗೊಳಿಸುವುದರಲ್ಲೂ ಒಂದು ನಷ್ಟವಿದೆ: ಒಂದೇ ಕೋರ್ ಬಳಸುವ ಕೆಲಸಗಳಲ್ಲಿ ಪ್ರೊಸೆಸರ್ ತಾನಾಗಿ ಮುಟ್ಟುತ್ತಿದ್ದ 4.2 ಇನ್ನು ಸಿಗುವುದಿಲ್ಲ. ದಿನಪೂರ್ತಿ ಎನ್‌ಕೋಡಿಂಗೇ ನಡೆಯುವ ಯಂತ್ರವಾದರೆ ಇದು ಲೆಕ್ಕಕ್ಕಿಲ್ಲ, ಇಲ್ಲವಾದರೆ ಯೋಚಿಸಬೇಕಾದದ್ದೇ. ನನ್ನನ್ನು ಕೇಳಿದರೆ, ನಿಮ್ಮ ಯಂತ್ರಕ್ಕೆ ಟವರ್ ಕೂಲರ್ ಕೊಳ್ಳಲು ಓವರ್‌ಕ್ಲಾಕ್‌ಗಿಂತ ಒಳ್ಳೆಯ ಕಾರಣ ಸದ್ದು. ಸಣ್ಣ ಫ್ಯಾನ್ ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಗೊರಗುಡುವ ಜಾಗದಲ್ಲಿ ದೊಡ್ಡ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ಆಗುವ ಹಿತ ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಚಿಪ್ ತಣ್ಣಗಿದ್ದರೆ, ನೀವು ಏನನ್ನೂ ಮುಟ್ಟದೆಯೇ, ಅದರ ಸ್ವಯಂಚಾಲಿತ ಬೂಸ್ಟ್ ಒಂದಿಷ್ಟು ಮೆಗಾಹರ್ಟ್ಸ್ ಮೇಲೇರುತ್ತದೆ ಎಂಬುದು ಅದರ ಜೊತೆಗಿನ ಉಡುಗೊರೆ.

ಹಿಂದೆ ಹೀಗಿರಲಿಲ್ಲ. 1998ರ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರಿನ ಬಸ್ ವೇಗವನ್ನು (ಮದರ್‌ಬೋರ್ಡಿನೊಡನೆ ಅದರ ಸಂಪರ್ಕದ ವೇಗ) 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡುತ್ತಿತ್ತು, ಶೇ. 50ರಷ್ಟು ಹೆಚ್ಚು. ಅಂದು ತಯಾರಕರು ಬಿಟ್ಟಿದ್ದ ಆ ದೊಡ್ಡ ಅಂತರವನ್ನು ಇಂದು ಅವರೇ ಬೂಸ್ಟ್ ಎಂಬ ಹೆಸರಿನಲ್ಲಿ ಬಳಸಿ ಮುಗಿಸಿರುತ್ತಾರೆ. ಓವರ್‌ಕ್ಲಾಕ್ ಮಾಡುವವರಿಗೆ ಉಳಿದಿರುವುದು ತಳದ ಚೂರು.

4.1ರಲ್ಲಿ ಪರೀಕ್ಷಿಸುವಾಗ ಮೊದಲು ನಿಮ್ಮ ಎನ್‌ಕೋಡಿಂಗನ್ನೇ ಎರಡು ಗಂಟೆ ಓಡಿಸಿ. ಪ್ರೈಮ್95ರಂತಹ ಪರೀಕ್ಷಾ ತಂತ್ರಾಂಶಗಳು ನಿಜವಾದ ಕೆಲಸಕ್ಕಿಂತ ಹೆಚ್ಚು ಶಾಖ ಎಬ್ಬಿಸುತ್ತವೆ. ಲೆಕ್ಕ ತಪ್ಪಿದ್ದನ್ನು ಹಿಡಿಯಲು ಅವು ಒಳ್ಳೆಯವು, ಕೂಲರ್ ಕೊಳ್ಳಬೇಕೇ ಎಂದು ತೀರ್ಮಾನಿಸಲು ಅಲ್ಲ. ಯಂತ್ರ ನೀಲಿ ತೆರೆ ತೋರಿಸಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಎಂಬ ಹೆಸರಿನ ದಾಖಲೆಗಳು ಬಂದಿವೆಯೇ ನೋಡಿ. ಪ್ರೊಸೆಸರ್ ತಪ್ಪಿ, ತಾನೇ ತಿದ್ದಿಕೊಂಡ ಘಟನೆಗಳೂ ಅಲ್ಲಿ ದಾಖಲಾಗುತ್ತವೆ. ಒಂದು ಕಂಡರೂ ವೇಗವನ್ನು 50 ಮೆಗಾಹರ್ಟ್ಸ್ ಇಳಿಸಿ. ಮುಗಿದ ವಿಡಿಯೊದ ನಡುವೆ ಒಂದು ಫ್ರೇಮ್ ಹಸಿರಾಗಿ ಕೆಟ್ಟಿರುವುದು ವಾರದ ನಂತರ ಗೊತ್ತಾಗುವುದಕ್ಕಿಂತ ಇದು ಮೇಲು.

ಕೊನೆಗೆ ಕೂಲರ್ ಬದಲಿಸುವುದೆಂದೇ ನಿರ್ಧರಿಸಿದರೆ, ಹಳೆಯದನ್ನು ತೆಗೆಯುವ ಕ್ರಮ ಮುಖ್ಯ. ನಿಮ್ಮ ಎಎಂ4 ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ತಳದಲ್ಲಿ, ಒಟ್ಟು 1331. ಹಳೆಯ ಥರ್ಮಲ್ ಪೇಸ್ಟ್ ಗಟ್ಟಿಯಾಗಿ ಅಂಟಿನಂತಾಗಿರುತ್ತದೆ, ಸಾಕೆಟ್ಟಿನ ಸನ್ನೆ ಹಾಕಿಯೇ ಇದ್ದರೂ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದರ ತಳಕ್ಕೆ ಅಂಟಿಕೊಂಡೇ ಕಿತ್ತು ಬರುತ್ತದೆ. ನಾನು ಒಮ್ಮೆ ಹಾಗೆಯೇ ಎಳೆದು, ಮೂಲೆಯ ಒಂದು ಸಾಲಿನ ಪಿನ್ನುಗಳನ್ನು ಬಗ್ಗಿಸಿಕೊಂಡು, ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಿಂದ ಅವನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಾ ಒಂದು ಸಂಜೆ ಕಳೆದಿದ್ದೇನೆ. ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟ್ ಮೆತ್ತಗಾಗಲು ಬಿಡಿ, ಆಮೇಲೆ ಯಂತ್ರ ಆರಿಸಿ ವಿದ್ಯುತ್ ತಂತಿ ಕಿತ್ತು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಅನಂತರ ಕೂಲರನ್ನು ಎತ್ತದೆ ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ. ಪೇಸ್ಟ್ ಬಿಟ್ಟುಕೊಂಡದ್ದು ಕೈಗೇ ತಿಳಿಯುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಪೂರ್ತಿ ಒರೆಸಿ, ಹೊಸದನ್ನು ಬಟಾಣಿ ಕಾಳಿಗಿಂತ ತುಸು ಸಣ್ಣಗೆ ನಡುವೆ ಇಟ್ಟು, ಸ್ಕ್ರೂಗಳನ್ನು ಮತ್ತೆ ಎದುರುಬದುರಾಗಿಯೇ ಬಿಗಿಯಿರಿ.

ಹೊಸ ಕೂಲರ್ ಕೂತ ಮೇಲೆ, ಏನನ್ನೂ ಏರಿಸುವ ಮುನ್ನ, ಇಪ್ಪತ್ತು ನಿಮಿಷದ ಅದೇ ಎನ್‌ಕೋಡಿಂಗ್ ಓಡಿಸಿ ಭಾಗಾಕಾರವನ್ನು ಮತ್ತೆ ಮಾಡಿ. 0.72 ಇದ್ದದ್ದು 0.55ರ ಆಸುಪಾಸಿಗೆ ಬಂದಿದ್ದರೆ 4.2ಕ್ಕೆ ಹೋಗಬಹುದು. 0.65ಕ್ಕಿಂತ ಕೆಳಗಿಳಿಯದಿದ್ದರೆ ಕೂಲರ್ ಓರೆಯಾಗಿ ಕೂತಿದೆ, ಇಲ್ಲವೇ ತಳಕ್ಕೆ ಅಂಟಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆತಿದ್ದೀರಿ.